ಕಾರು ತೊಳೆದ ನೀರು ಎಲ್ಲಿಗೆ ಹೋತು?

ಇಳಕಲ್‌ನಿಂದ ಕೂಡಲಸಂಗಮಕ್ಕೆ ಹೋಗಿದ್ವಿ. ದರ್ಶನ ಆದಮೇಲೆ, ಹೆಂಗೂ ಹೊಳಿ ಐತಿ ಅಂತ ಕಾರನ್ನ ದಂಡಿಗೆ ಇಳಿಸಿದೆ. ಶಾಂಪೂ ಬಾಟಲಿ ತೆಗೆದಿದ್ದೆ ಅಷ್ಟೇ, ದೊಡ್ಡವ್ವ ಕೂಗಿದಳು: "ತಮ್ಮಾ, ಈಗಷ್ಟ ಆ ನೀರು ತಲಿಮ್ಯಾಲೆ ಹಾಕ್ಕೊಂಡು ಬಂದೀವಲ್ಲೋ!"

ಬಾಟಲಿ ಮುಚ್ಚಿದೆ.

ಕಾರಿನ ಮೈಮೇಲೆ ಇರೋದು ಬರೀ ಧೂಳಲ್ಲ. ಬ್ರೇಕ್ ಸವೆದ ಪುಡಿ, ಟೈರಿನ ರಬ್ಬರು, ಗ್ರೀಸು, ಸೋರಿದ ಆಯಿಲ್ಲು ಎಲ್ಲಾ ಇರ್ತದೆ. ರಸ್ತೆ ಮೇಲೆ ತೊಳೆದರೂ ಅದು ಗಟಾರ, ಹಳ್ಳ ಹಿಡಿದು ಹೊಳೆಗೇ ಹೋಗೋದು. ಘಟಪ್ರಭಾ ಚಿಕ್ಕಸಂಗಮದಲ್ಲಿ, ಮಲಪ್ರಭಾ ಕೂಡಲಸಂಗಮದಲ್ಲಿ ಕೃಷ್ಣೆ ಸೇರ್ತಾವೆ. ಅಂದರೆ ಬಾಗಲಕೋಟೆಯ ಕೊಳೆ, ಹುನಗುಂದದ ಕೊಳೆ ಅಂತ ಬೇರೆ ಇಲ್ಲ. ಬಾದಾಮಿಯ ಅಗಸ್ತ್ಯ ತೀರ್ಥದ್ದು ಇನ್ನೂ ಕಷ್ಟ. ಅದು ಹೊಳೆಯಲ್ಲ, ಕೆರೆ. ಬಿದ್ದದ್ದು ಅಲ್ಲೇ ಉಳೀತದೆ.

ತೊಳೆಯೋದಕ್ಕಿಂತ ನನಗೆ ಹೆಚ್ಚು ಸಿಟ್ಟು ಬರೋದು ಹಳೇ ಆಯಿಲ್ ವಿಷಯಕ್ಕೆ. ಬೈಕಿಗೆ ಸುಮಾರು 1 ಲೀಟರ್, ಕಾರಿಗೆ 3-4 ಲೀಟರ್. ಮನೆಯಲ್ಲೇ ಬದಲಿಸಿ ಗಟಾರಕ್ಕೆ ಸುರಿಯೋರು ಇದಾರೆ (ನಾನೂ ಕಾಲೇಜಿನಲ್ಲಿದ್ದಾಗ ಸುರಿದೀನಿ). 2016ರ ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಹೊಸ ಆಯಿಲ್ ಬಂದ ಡಬ್ಬಿಗೇ ತುಂಬಿ, ಬಿಗಿಯಾಗಿ ಮುಚ್ಚಿ, ಹಳೇ ಆಯಿಲ್ ಕೂಡಿಸಿ ಮಾರೋ ಗ್ಯಾರೇಜಿಗೆ ಕೊಡಿ. ಯಾರಿಗೆ ಮಾರ್ತೀರಿ ಅಂತಾನೂ ಕೇಳಿ.

ನಾನೀಗ ಬಾವಿಯಿಂದ ದೂರ, ಅಂಗಳದ ಮಣ್ಣಿನ ಮೇಲೆ ಕಾರು ನಿಲ್ಲಿಸಿ ಒಂದು ಬಕೆಟ್ ನೀರು, ಒದ್ದೆ ಬಟ್ಟೆಯಲ್ಲಿ ಒರೆಸ್ತೀನಿ.

ಅವತ್ತು ಮಾತ್ರ ಧೂಳಿನಲ್ಲೇ ವಾಪಸ್ ಬಂದ್ವಿ. ಹುನಗುಂದದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಯಾರೋ ಹಿಂದಿನ ಗಾಜಿನ ಮೇಲೆ ಬೆರಳಿಂದ ಬರೆದಿದ್ದರು: 'ತೊಳೀರಿ ಸಾಹೇಬ್ರ!'