ಒಂಟಿ ಮರದ ಬಂಧುಬಳಗ

ಕೊಡಗಿನ ಕಾಫಿ ತೋಟಗಳ ನಡುವೆ ಅಲ್ಲಲ್ಲಿ ಒಂದೊಂದು ಹಳೆಯ ಬಿಳಿ ದೇವದಾರು ತಲೆಯೆತ್ತಿ ನಿಂತಿರುವುದನ್ನು ಆ ಕಡೆ ಸಂಚರಿಸಿದವರು ಕಂಡಿರಬಹುದು. ಬೇವಿನ ಕುಟುಂಬಕ್ಕೆ ಸೇರಿದ ಈ ಮರ ಪಶ್ಚಿಮ ಘಟ್ಟಗಳಿಗೇ ಮೀಸಲಾದುದು. ಇದರ ಚೌಬೀನೆಗೆ ಬೆಲೆಯುಂಟು. ಸುತ್ತಲಿನ ಕಾಡೇ ಹೋದ ಮೇಲೆ ಈ ಒಂದು ಮರ ಉಳಿದು ಫಲವೇನು, ಇದು ವಂಶ ಬೆಳೆಸೀತೇ ಎಂಬ ಮಾತು ನೋಡಿದವರ ಬಾಯಿಗೆ ಸಹಜವಾಗಿಯೇ ಬರುತ್ತದೆ. ಆ ಮಾತು ತಪ್ಪೆಂಬುದೇ ನನ್ನ ವಾದ.

ಕಾಡು ತುಂಡಾದಾಗ ಮರಗಳ ಸಂಖ್ಯೆ ಕುಗ್ಗುವುದು ಕಣ್ಣಿಗೆ ಕಾಣುತ್ತದೆ. ವಂಶವಾಹಿಗಳಲ್ಲಾಗುವ ನಷ್ಟ ಕಾಣುವುದಿಲ್ಲ. ಒಂದೇ ಜಾತಿಯ ಸಾವಿರಾರು ಮರಗಳಿರುವ ಅರಣ್ಯದಲ್ಲಿ ಪ್ರತಿಯೊಂದು ವಂಶವಾಹಿಯೂ ಹಲವು ರೂಪಗಳಲ್ಲಿ ಉಳಿದಿರಬಲ್ಲದು. ಹತ್ತಾರು ಮರಗಳ ತುಂಡಿನಲ್ಲಿ ಅಪರೂಪದ ರೂಪಗಳು ಕೇವಲ ಆಕಸ್ಮಿಕದಿಂದಲೇ ಅಳಿದುಹೋಗುತ್ತವೆ. ನಾಳೆ ಹೊಸ ರೋಗವೋ ಬರಗಾಲವೋ ಬಂದಾಗ ಬೇಕಾಗುವುದು ಅಂತಹ ರೂಪವೇ ಆಗಿರಬಹುದು. ಮೇಲಾಗಿ, ಅನೇಕ ಬೀಜಗಳು ತಾಯಿಮರದ ಸಮೀಪದಲ್ಲಿಯೇ ಮೊಳೆಯುವುದರಿಂದ ನೆರೆಯ ಮರಗಳು ಪರಸ್ಪರ ಒಡಹುಟ್ಟಿದವುಗಳಾಗಿರುವುದುಂಟು. ಅವುಗಳೊಳಗೆ ಪರಾಗಸ್ಪರ್ಶವಾದರೆ, ಎರಡರಲ್ಲಿಯೂ ಅಡಗಿದ್ದ ಒಂದೇ ದೋಷ ಸಂತಾನದಲ್ಲಿ ಜೊತೆಗೂಡಿ ಹೊರಬೀಳುವ ಸಂಭವ ಹೆಚ್ಚು. ನಮ್ಮಲ್ಲಿ ಮದುವೆಗೆ ಮೊದಲು ಗೋತ್ರ ಕೇಳುತ್ತಾರೆ. ಪರಾಗ ಹೊರುವ ಕೀಟಕ್ಕೆ ಆ ಗೊಡವೆಯಿಲ್ಲ.

ಈ ಬಿಳಿ ದೇವದಾರನ್ನೇ ಕುರಿತ ಒಂದು ಸಂಶೋಧನೆ 2012ರಲ್ಲಿ ಪ್ರಕಟವಾಯಿತು. ಕಾಡು, ತೋಟ, ಗದ್ದೆಗಳು ಬೆರೆತ 216 ಚದರ ಕಿಲೋಮೀಟರ್ ಪ್ರದೇಶದಲ್ಲಿ ಮರಗಳ ಮತ್ತು ಸಸಿಗಳ ವಂಶವಾಹಕ ವಸ್ತುವಿನ ಹನ್ನೊಂದು ಗುರುತುಗಳನ್ನು ಹೋಲಿಸಿ, ಯಾವ ಸಂತಾನಕ್ಕೆ ಯಾವುದು ತಂದೆಯೆಂದು ವಿಜ್ಞಾನಿಗಳು ಹುಡುಕಿದರು. ಫಲಿತಾಂಶ ವಿಚಿತ್ರವಾಗಿದೆ. ಒಂಟಿಯಾಗಿ ನಿಂತ ಮರಗಳಿಗೆ 5 ಕಿಲೋಮೀಟರಿಗೂ ದೂರದಿಂದ, ಬಗೆಬಗೆಯ ಮರಗಳ ಪರಾಗ ಪದೇಪದೇ ಬಂದಿತ್ತು! ಆದರೆ ಕೆಲವೇ ಮರಗಳು ವಿರಳವಾಗಿ ಉಳಿದಿರುವ ಕಾಡಿನ ತುಂಡುಗಳಲ್ಲಿ ಹತ್ತಿರದ ಮರಗಳ ಕೂಡಿಕೆಯೇ ಹೆಚ್ಚಿ, ಕೂಡುವ ಮರಗಳ ನಡುವಣ ರಕ್ತಸಂಬಂಧವೂ ಹೆಚ್ಚಿತ್ತು. ಹಳೆಯ ಮರಗಳಿಗಿಂತ ಎಳೆಯ ತಲೆಮಾರಿನಲ್ಲಿ ಒಂದು ಗುಂಪಿಗೂ ಇನ್ನೊಂದಕ್ಕೂ ಇರುವ ಭೇದ ಬೆಳೆದಿತ್ತು. ಮುದಿಮರಗಳು ಕಾಡು ತುಂಡಾಗುವ ಮೊದಲಿನ ಸಂಪತ್ತನ್ನು ಹೊತ್ತು ನಿಂತಿರುವುದರಿಂದ, ಅವನ್ನಷ್ಟೇ ನೋಡಿದವರು ಎಲ್ಲವೂ ಕ್ಷೇಮವೆಂದು ಮೋಸಹೋಗಬಹುದು.

ದೂರದಿಂದ ಪರಾಗ ಬರುವುದಾದರೆ ಕಾಡು ತುಂಡಾದರೇನು ಎಂದು ವಿದ್ಯಾರ್ಥಿಗಳು ಕೇಳಬಹುದು. ದೂರದಲ್ಲಿ ಮರಗಳು ಉಳಿದಿದ್ದರೆ ತಾನೆ ಪರಾಗ ಬರುವುದು! ಕೊಡಗಿನಲ್ಲಿ ಸುಮಾರು 1200 ದೇವರಕಾಡುಗಳಿವೆ; ಅನೇಕವು ಬಹಳ ಚಿಕ್ಕವು. ಅವುಗಳ ಗಡಿಗೆ ಬೇಲಿ ಹಾಕಿದೊಡನೆ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯುವ ಅಭ್ಯಾಸ ನಮಗಿದೆ. ದೇವರಕಾಡುಗಳ ನಡುವಿನ ತೋಟಗಳಲ್ಲಿಯೋ, ನಾಡಮರಗಳನ್ನು ತೆಗೆದು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ನೆಡುವುದು ಹಬ್ಬಿದೆ. ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಒದಗುತ್ತದೆ, ಕಡಿದು ಮಾರಲು ತೊಡಕೂ ಕಡಿಮೆ. ಬೆಳೆಗಾರನನ್ನು ದೂರಿ ಫಲವಿಲ್ಲ. ನಾಡಮರವನ್ನು ಉಳಿಸಿಕೊಂಡವನಿಗೆ ಲಾಭ ಸಿಗುವಂತೆ ಕಾನೂನು ಇರಬೇಕು. ದೂರದಿಂದ ನೋಡುವವರಿಗೆ ತೋಟ ಮೊದಲಿನಷ್ಟೇ ಹಸಿರು. ಬಿಳಿ ದೇವದಾರಿನ ಪಾಲಿಗೆ ಅದು ಬಂಧುಗಳಿಲ್ಲದ ಬಯಲು.

ತೋಟದ ಒಂಟಿ ಮರದ ಬುಡದಲ್ಲಿ ಹುಟ್ಟಿದ ಸಸಿ ಕಳೆ ತೆಗೆಯುವವರ ಕತ್ತಿಯನ್ನು ತಪ್ಪಿಸಿಕೊಂಡು ಮರವಾಗುವುದು ದುರ್ಲಭ, ನಿಜ. ಆದುದರಿಂದಲೇ ಅದರ ಬೀಜವನ್ನು ಆಯ್ದು ನರ್ಸರಿಗೆ ತರುವ ಕೆಲಸ ನಮ್ಮದು. ರಸ್ತೆಗೆ ಹತ್ತಿರವಿರುವ ಒಂದೇ ಗುಂಪಿನಿಂದ ಚೀಲ ತುಂಬಿಸಿಕೊಂಡರೆ ಅಕ್ಕತಂಗಿಯರ ತೋಪನ್ನು ನೆಟ್ಟಂತಾಗುತ್ತದೆ. ಹಲವು ದೇವರಕಾಡುಗಳಿಂದಲೂ ತೋಟದೊಳಗಿನ ಒಂಟಿ ಮರಗಳಿಂದಲೂ ಹಿಡಿಹಿಡಿಯಾಗಿ ಬೀಜ ತಂದು ಬೆರೆಸಿ ಬಿತ್ತಬೇಕು. ಶ್ರಮ ಸ್ವಲ್ಪ ಹೆಚ್ಚು, ಖರ್ಚು ಅಷ್ಟೇನೂ ಇಲ್ಲ.