ಗರಗಸಕ್ಕೊಂದು ಗದ್ದುಗೆ

ಗೋಡೆಯ ಮೇಲೆ ತೂಗುವ ಪಟಗಳನ್ನು ನಾವೆಲ್ಲರೂ ದಿನಕ್ಕೆ ಹತ್ತು ಬಾರಿ ನೋಡುತ್ತೇವೆ; ಪಟದ ಚೌಕಟ್ಟನ್ನು ನೋಡುವವರು ವಿರಳ. ಈ ಪುಟವನ್ನು ಓದಿ ಮುಗಿಸಿದ ಮೇಲೆ ಎದ್ದು ಹೋಗಿ, ಒಂದು ಚೌಕಟ್ಟಿನ ನಾಲ್ಕು ಮೂಲೆಗಳನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸಿರಿ. ಮೂರು ಮೂಲೆಗಳು ಕೂದಲೆಳೆಯ ಸಂದೂ ಇಲ್ಲದೆ ಕೂಡಿಕೊಂಡಿದ್ದು, ನಾಲ್ಕನೆಯದರಲ್ಲಿ ಮಾತ್ರ ಮೇಣವನ್ನೋ ಪುಟ್ಟಿಯನ್ನೋ ತುಂಬಿರುವುದು ಕಂಡುಬಂದರೆ ಆಶ್ಚರ್ಯಪಡಬೇಡಿರಿ. ಬಡಗಿಯು ಮೊದಲ ಮೂರನ್ನು ಶ್ರದ್ಧೆಯಿಂದ ಮಾಡಿ ಕೊನೆಯದರಲ್ಲಿ ಉದಾಸೀನನಾದನೆಂದು ತಿಳಿಯುವುದು ಅನ್ಯಾಯ. ಎಲ್ಲ ಮೂಲೆಗಳ ತಪ್ಪೂ ಕಟ್ಟಕಡೆಯ ಮೂಲೆಗೆ ಬಂದು ಸೇರುತ್ತದೆ.

ಲೆಕ್ಕ ಸರಳವಾದುದು. ಚೌಕಟ್ಟೊಂದಕ್ಕೆ ನಾಲ್ಕು ಪಟ್ಟಿಗಳು, ಎಂಟು ತುದಿಗಳು. ಎಂಟನ್ನೂ 45 ಡಿಗ್ರಿಯ ಓರೆಯಲ್ಲಿ ಕೊಯ್ಯಬೇಕು. ಕೊಯ್ತವು ಒಂದೇ ಕಡೆಗೆ ಅರ್ಧ ಡಿಗ್ರಿ ತಪ್ಪಿದರೂ ಒಂದು ಮೂಲೆಗೆ ಒಂದು ಡಿಗ್ರಿ, ನಾಲ್ಕಕ್ಕೆ ನಾಲ್ಕು ಡಿಗ್ರಿ ಆಯಿತು. ಪಟ್ಟಿಯ ಅಗಲ 75 ಮಿ.ಮೀ. ಎಂದಿಟ್ಟುಕೊಳ್ಳಿ. ಓರೆಯ ಮುಖದ ಉದ್ದ ಸುಮಾರು 106 ಮಿ.ಮೀ. ಮೂರು ಮೂಲೆಗಳನ್ನು ಬಿಗಿಯಾಗಿ ಕೂಡಿಸಿದ ಮೇಲೆ ನಾಲ್ಕನೆಯದು 7 ಮಿ.ಮೀ.ಗೂ ಮೀರಿ ಬಾಯಿ ತೆರೆಯುತ್ತದೆ! ಕಣ್ಣಿಗೆ ಕಾಣದ ಅರ್ಧ ಡಿಗ್ರಿಯು ಬೆರಳು ಹೊಗಿಸುವಷ್ಟು ಸಂದಾಗುವ ಬಗೆ ಇದು.

ಈಗ ಪೇಟೆಯಲ್ಲಿ ಮೈಟರ್ ಗರಗಸವೆಂಬ ವಿದ್ಯುತ್ ಯಂತ್ರ ಸುಲಭವಾಗಿ ದೊರೆಯುತ್ತದೆ. ತಟ್ಟೆಯಾಕಾರದ ಹಲ್ಲಿನ ಬ್ಲೇಡು ಒಂದು ತೋಳಿನಲ್ಲಿ ಕುಳಿತಿರುತ್ತದೆ. ತೋಳನ್ನು ಕೆಳಕ್ಕೆಳೆದರೆ ಅದು ಮರವನ್ನು ಅಡ್ಡಲಾಗಿ ಕೊಯ್ಯುತ್ತದೆ. ಎಡಕ್ಕೋ ಬಲಕ್ಕೋ ತಿರುಗಿಸಿ ಬೇಕಾದ ಕೋನದಲ್ಲಿ ನಿಲ್ಲಿಸಲೂಬಹುದು. ಮನೆಯ ಕೆಲಸಕ್ಕೆ 10 ಅಂಗುಲದ ಬ್ಲೇಡಿನದು ಧಾರಾಳವಾಗಿ ಸಾಕು. ಹಿಂದೆ ಬಡಗಿಗಳು ಮೂರು ಹಲಗೆಗಳನ್ನು ತೊಟ್ಟಿಯಂತೆ ಜೋಡಿಸಿ, ಎರಡು ಬದಿಗಳಲ್ಲಿ ಓರೆ ಸೀಳುಗಳನ್ನು ಕೊರೆದು, ಅವುಗಳ ನಡುವೆ ಕೈಗರಗಸವನ್ನಾಡಿಸುತ್ತಿದ್ದರು. ಈಗಲೂ ಹಾಗೆ ಮಾಡುವವರುಂಟು, ಸೊಗಸಾಗಿಯೇ ಮಾಡುತ್ತಾರೆ.

ಯಂತ್ರವನ್ನು ಕೊಂಡವರು ಅದನ್ನು ಹಳೆಯ ಮೇಜಿನ ಮೇಲಿಟ್ಟು, ಇನ್ನು ಕೋನದ ಚಿಂತೆ ಯಂತ್ರಕ್ಕೆ ಸೇರಿದ್ದೆಂದು ನಿಶ್ಚಿಂತರಾಗುವುದುಂಟು. ಎಡವುವುದು ಇಲ್ಲಿಯೇ. ಯಂತ್ರದ ಸ್ವಂತ ಪೀಠವು ಒಂದೂವರೆ ಎರಡು ಅಡಿಯಷ್ಟು. ಕೊಯ್ಯಬೇಕಾದ ಪಟ್ಟಿ ಆರು ಅಡಿ. ಉಳಿದ ನಾಲ್ಕು ಅಡಿ ಗಾಳಿಯಲ್ಲಿ ಜೋಲುತ್ತದೆ. ಒಂದು ಕೈಯಲ್ಲಿ ಯಂತ್ರದ ಹಿಡಿ, ಇನ್ನೊಂದರಲ್ಲಿ ಮರ, ಜೋಲುವ ತುದಿಯನ್ನು ಹಿಡಿಯಲು ಮನೆಯ ಹುಡುಗ. ಎರಡು ಅಡಿಯ ಅಂತರದಲ್ಲಿ ಮರವು ಐದು ಮಿಲಿಮೀಟರು ಓರೆಯಾದರೆ ಅದೇ ಸರಿಸುಮಾರು ಅರ್ಧ ಡಿಗ್ರಿ. ನಾವು ಬೈಯುವುದು ಯಂತ್ರವನ್ನು. ಓರೆಯಾಗಿ ಹಿಡಿದುದು ಹುಡುಗನ ಕೈ. ಹುಡುಗನನ್ನು ಆಟಕ್ಕೆ ಕಳುಹಿಸಿ, ಆ ಸ್ಥಾನದಲ್ಲಿ ಅಲುಗಾಡದ ಹಾಸೊಂದನ್ನು ನಿಲ್ಲಿಸುವುದೇ ನಮ್ಮ ಇಂದಿನ ವಿಷಯ.

ಎಂತಹ ಹಾಸು? ಗರಗಸದ ಎಡಕ್ಕೊಂದು, ಬಲಕ್ಕೊಂದು ಪೆಟ್ಟಿಗೆ; ಎರಡರ ನಡುವೆ, ಯಂತ್ರದ ಪೀಠದ ಎತ್ತರದಷ್ಟೇ ತಗ್ಗಿಸಿದ ಒಂದು ತಳಹಲಗೆ. ಅದರ ಮೇಲೆ ಗರಗಸ ಕುಳಿತಾಗ ಪೀಠದ ಮೇಲ್ಮೈಯೂ ಎಡಬಲದ ಹಾಸುಗಳೂ ಒಂದೇ ಮಟ್ಟಕ್ಕೆ ಬರಬೇಕು. ನಿಂತು ಕೆಲಸ ಮಾಡುವವರಿಗೆ ನೆಲದಿಂದ ಮೂರಡಿಯ ಆಸುಪಾಸು ಹಿತವಾದ ಎತ್ತರ. ಅಮೆರಿಕದ ಮನೆಗಳಲ್ಲಿ ಕಾರಿನ ಕೊಠಡಿಯೇ ಕಾರ್ಯಾಗಾರವಾಗುವುದರಿಂದ ಅಲ್ಲಿನವರು ಎಡಕ್ಕೆ ಎಂಟು ಅಡಿ, ಬಲಕ್ಕೆ ನಾಲ್ಕು ಅಡಿ ಎಂದು ಉದಾರವಾಗಿ ಚಾಚುತ್ತಾರೆ. ನಮ್ಮ ನಗರದ ಮನೆಯಲ್ಲಿ ಹನ್ನೆರಡು ಅಡಿಯ ಖಾಲಿ ಗೋಡೆ ಸಿಕ್ಕಿದರೆ ಅಲ್ಲಿ ಬೀರುವೋ ಸೋಫಾವೋ ಈಗಾಗಲೇ ಬಂದು ಕುಳಿತಿರುತ್ತದೆ. ಪಟದ ಚೌಕಟ್ಟು, ಪುಸ್ತಕದ ಕಪಾಟು, ದೇವರ ಮಂಟಪ, ಇಷ್ಟರ ಕೆಲಸಕ್ಕೆ ಎಡಕ್ಕೆ ಐದು ಅಡಿ, ಬಲಕ್ಕೆ ಮೂರು ಅಡಿ ಸಾಕೆಂದು ನನ್ನ ಅಭಿಪ್ರಾಯ. ಹಾಸಿನ ತುದಿ ಬಾಗಿಲಿನ ನೇರಕ್ಕೆ ಬರುವಂತಿದ್ದರೆ ಉದ್ದದ ರೀಪಿನ ತುದಿ ಹೊರಗೆ ಚಾಚಿಕೊಳ್ಳಬಲ್ಲುದು. ಹಿಂದೆ ಮುಂದೆ ಜಾರುವ ತೋಳಿನ ಗರಗಸವಾದರೆ ಹಿಂಬದಿಯಲ್ಲಿ ಕಂಬಿಗಳು ಬಹಳ ದೂರ ಚಾಚುತ್ತವೆ. ಗೋಡೆಯಿಂದ ಎಷ್ಟು ದೂರ ಬೇಕೆಂಬುದನ್ನು ಯಂತ್ರವನ್ನಿಟ್ಟು ಅಳೆದ ಮೇಲೆಯೇ ಪೆಟ್ಟಿಗೆಯ ಆಳವನ್ನು ನಿಶ್ಚಯಿಸತಕ್ಕುದು.

ಹಾಸಿಗೆ ಇಡೀ ಮರದ ಹಲಗೆ ಬೇಡ. ಆಷಾಢದಲ್ಲಿ ಉಬ್ಬಿ, ಚೈತ್ರದಲ್ಲಿ ಕುಗ್ಗಿ, ವರ್ಷಕ್ಕೆರಡು ಬಾರಿ ಬಾಗುವ ಗುಣ ಅದಕ್ಕೆ ಹುಟ್ಟಿನಿಂದ ಬಂದುದು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ 18 ಮಿ.ಮೀ. ಪ್ಲೈವುಡ್ ಹಾಳೆಯನ್ನು ತಂದು, ಅದರಿಂದಲೇ ನಾಲ್ಕಂಗುಲದ ಪಟ್ಟಿಗಳನ್ನು ಕೊಯ್ದು ಏಣಿಯಂತೆ ಜೋಡಿಸಿ, ಮೇಲೆ ಒಂದು ಹಾಳೆಯನ್ನು ತಿರುಪುಮೊಳೆಗಳಿಂದ ಬಿಗಿದರೆ ಹಾಸು ಬಹುಕಾಲ ನೇರವಾಗಿರುತ್ತದೆ.

ಇನ್ನು ಮಟ್ಟ. ಅನೇಕರು ಮೊದಲು ಹಾಸುಗಳನ್ನು ಅಚ್ಚುಕಟ್ಟಾಗಿ ನಿಲ್ಲಿಸಿ ಕಡೆಗೆ ಗರಗಸವನ್ನು ನಡುವೆ ತುರುಕಲು ಹೆಣಗುತ್ತಾರೆ. ಕ್ರಮ ತಿರುವುಮುರುವಾಗಬೇಕು. ಮೊದಲು ಗರಗಸವನ್ನು ಬೋಲ್ಟುಗಳಿಂದ ಬಿಗಿಯಿರಿ. ಬಳಿಕ ಹಾಸುಗಳನ್ನು ಅದರ ಪೀಠದ ಮಟ್ಟಕ್ಕೆ ತನ್ನಿರಿ. ಇದಕ್ಕೆ ದುಬಾರಿ ಉಪಕರಣ ಬೇಡ. ಒಂದೇ ದಪ್ಪದ ಮೂರು ಮರದ ತುಂಡುಗಳು, ಒಂದು ದಾರ ಸಾಕು. ಎರಡು ತುಂಡುಗಳನ್ನು ಹಾಸುಗಳ ಎರಡು ಕೊನೆಗಳಲ್ಲಿಟ್ಟು, ಅವುಗಳ ಮೇಲೆ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ, ಮೂರನೆಯ ತುಂಡನ್ನು ದಾರದ ಅಡಿಯಲ್ಲಿ ಉದ್ದಕ್ಕೂ ಸರಿಸುತ್ತ ಹೋಗಿರಿ. ತುಂಡು ದಾರವನ್ನು ಎತ್ತಿದ ಕಡೆ ಉಬ್ಬು, ಅಡಿಯಲ್ಲಿ ಬೆಳಕು ಕಂಡ ಕಡೆ ತಗ್ಗು. ಕಾಲಿನಡಿಗೆ ತೆಳು ಚಕ್ಕೆಗಳನ್ನು ಕೊಟ್ಟು ಸರಿಪಡಿಸಬಹುದು.

ಹಾಸು ಗರಗಸದ ಪೀಠಕ್ಕಿಂತ ಕಾಗದದಷ್ಟು ತಗ್ಗಾಗಿದ್ದರೆ ಕ್ಷಮ್ಯ; ಎತ್ತರವಾಗಿರಲೇಕೂಡದು. ಇದು ಅಂದದ ಮಾತಲ್ಲ, ಬೆರಳುಗಳ ಮಾತು. ದೂರದ ತುದಿ ಎತ್ತರದಲ್ಲಿದ್ದರೆ ಮರವು ಪೀಠವನ್ನು ಮುಟ್ಟದೆ ಸೇತುವೆಯಂತೆ ನಿಲ್ಲುತ್ತದೆ. ಬ್ಲೇಡು ಅದನ್ನು ಕೊಯ್ದು ಮುಗಿಸುವ ಕ್ಷಣದಲ್ಲಿ ತುಂಡುಗಳು ನಡುವಿಗೆ ಕುಸಿದು, ಸೀಳಿನ ಬಾಯಿ ಮುಚ್ಚಿ, ಬ್ಲೇಡನ್ನು ಇಕ್ಕುಳದಂತೆ ಕಚ್ಚುತ್ತದೆ. ನಿಮಿಷಕ್ಕೆ 4800 ಸುತ್ತು ತಿರುಗುವ 10 ಅಂಗುಲದ ಬ್ಲೇಡಿನ ಹಲ್ಲು ಗಂಟೆಗೆ ಸುಮಾರು 230 ಕಿ.ಮೀ. ವೇಗದಲ್ಲಿ ಧಾವಿಸುತ್ತಿರುತ್ತದೆ. ಕಚ್ಚಿದ ಮರವನ್ನು ಅದು ಎತ್ತ ಎಸೆದೀತೆಂದು ಹೇಳಬಲ್ಲವರಿಲ್ಲ. ಕೈ ಎಂದಿಗೂ ಬ್ಲೇಡಿಗೆ ಆರು ಅಂಗುಲಕ್ಕಿಂತ ಹತ್ತಿರ ಹೋಗದಿರಲಿ. ಅಷ್ಟು ಹತ್ತಿರ ಹಿಡಿಯಬೇಕಾದ ಚಿಕ್ಕ ತುಂಡಿಗೆ ಕೈಗರಗಸವಿದೆ.

ಮರವನ್ನು ಒರಗಿಸುವ ಹಿಂಬದಿಯ ಪಟ್ಟಿಯ ವಿಷಯದಲ್ಲಿ ಮತಭೇದವುಂಟು. ಹಾಸುಗಳ ಮೇಲಿನ ಒರಗುಪಟ್ಟಿಯು ಗರಗಸದ ಒರಗುಪಟ್ಟಿಯ ನೇರದಲ್ಲಿಯೇ ಇರಬೇಕೆಂದು ಕೆಲವರ ಹಟ. ನಾನು ಅದನ್ನು ಒಂದು ಮಿಲಿಮೀಟರಿನಷ್ಟು ಹಿಂದಕ್ಕೆ ಸರಿಸಿ ಎನ್ನುತ್ತೇನೆ. ಅದು ಕೂದಲೆಳೆಯಷ್ಟು ಮುಂದೆ ಬಂದರೂ ಮರವು ಅದಕ್ಕೆ ಒರಗಿ ಓರೆಯಾಗುತ್ತದೆ. ಹಿಂದಿದ್ದರೆ ಕೋನವನ್ನು ನಿರ್ಣಯಿಸುವುದು ಗರಗಸದ ಸ್ವಂತ ಪಟ್ಟಿಯೊಂದೇ. ಒಂದು ಮನೆಗೆ ಒಬ್ಬರೇ ಯಜಮಾನರಿರುವುದು ಮೇಲು.

ಈ ಪಟ್ಟಿಯ ಮುಖ್ಯ ಉಪಯೋಗವೇ ಬೇರೆ. ಅದರ ಮೇಲೆ ಸರಿದಾಡುವ ಮರದ ತಡೆಯೊಂದನ್ನು ಬೇಕಾದ ಅಳತೆಗೆ ಬಿಗಿದುಬಿಟ್ಟರೆ, ಹತ್ತು ಪಟ್ಟಿಗಳನ್ನು ಕೊಯ್ದರೂ ಹತ್ತೂ ಒಂದೇ ಉದ್ದ. ಚೌಕಟ್ಟಿನಲ್ಲಿ ಎದುರುಬದುರು ಪಟ್ಟಿಗಳ ಉದ್ದ ಸಮವಿಲ್ಲದಿದ್ದರೆ ಕೋನ ಎಷ್ಟು ನಿಖರವಾಗಿದ್ದರೇನು, ಮೂಲೆ ಕೂಡದು. ತಡೆಯ ಕೆಳಮೂಲೆಯನ್ನು ತುಸು ಕೆತ್ತಿಡಿ. ಹೊಟ್ಟು ಅಲ್ಲಿ ಸೇರಿಕೊಂಡು ಅಳತೆ ಕೆಡುವುದು ತಪ್ಪುತ್ತದೆ. ತಡೆ ಒಂದೇ ಬದಿಗಿರಲಿ. ಇನ್ನೊಂದು ಬದಿಯ ತುಂಡು ಬಿಡುಬೀಸಾಗಿ ಬೀಳುವಂತಿರಬೇಕು.

ಪರೀಕ್ಷೆಗೆ, ಎರಡು ಅಂಚೂ ಸಮಾನಾಂತರವಾಗಿರುವ ಹಲಗೆಯೊಂದನ್ನು ನೇರವಾಗಿ ಕೊಯ್ದು, ಒಂದು ತುಂಡನ್ನು ಮಗುಚಿ ಮತ್ತೆ ತುದಿಗೆ ತುದಿ ತಾಗಿಸಿ ಮೇಜಿನ ಮೇಲೆ ಜೋಡಿಸಿ. ಸಂದು ಕಂಡರೆ ಅದು ನಿಜವಾದ ತಪ್ಪಿನ ಇಮ್ಮಡಿ. 45 ಡಿಗ್ರಿಗೆ ಮೊದಲು ಹೇಳಿದ ಚೌಕಟ್ಟೇ ಪರೀಕ್ಷಕ: ಬೇಡದ ಮರದಲ್ಲಿ ನಾಲ್ಕು ಪಟ್ಟಿಗಳನ್ನು ಕೊಯ್ದು ಕೂಡಿಸಿ, ಕೊನೆಯ ಮೂಲೆಯ ತಪ್ಪನ್ನು ಎಂಟರಿಂದ ಭಾಗಿಸಿ, ಅಷ್ಟೇ ತಿದ್ದಿಕೊಳ್ಳಿ. ಇಷ್ಟಾದರೂ ಹಸಿ ಮರ ನಿಮ್ಮನ್ನು ಮೋಸಗೊಳಿಸಬಲ್ಲುದು. ಮರ ಕುಗ್ಗುವುದು ಅಗಲದಲ್ಲಿ, ಉದ್ದದಲ್ಲಿ ಅಲ್ಲವೆಂದೇ ಹೇಳಬೇಕು; ಆದುದರಿಂದ ಒಣಗಿದಾಗ ಮೂಲೆಯ ಒಳಬದಿ ಬಿರಿಯುತ್ತದೆ, ತೇವ ಕುಡಿದಾಗ ಹೊರಬದಿ. ನಿಮ್ಮ ಚೌಕಟ್ಟು ಬೇಸಗೆಯಲ್ಲಿ ಒಳಗಡೆ ಬಿರಿದರೆ ಗರಗಸವನ್ನು ದೂರದೆ ಮರ ಮಾರಿದವರನ್ನು ವಿಚಾರಿಸಿರಿ.

ಗೃಹಿಣಿಯರು ಕೇಳುವ ಪ್ರಶ್ನೆ ಧೂಳಿನದು. ಅದು ನ್ಯಾಯವಾದ ಪ್ರಶ್ನೆ. ಈ ಯಂತ್ರ ಧೂಳನ್ನು ಹಿಂದಕ್ಕೆ ಬೀಸಿ ಎಸೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಆಧಾರವಾದುದು ಪೀಠೋಪಕರಣದ ಕೆಲಸದಲ್ಲಿ ವರ್ಷಗಟ್ಟಲೆ ದುಡಿದವರ ಅನುಭವ. ಭಾನುವಾರದ ಬಡಗಿಗೆ ಅಷ್ಟು ಭಯ ಬೇಡವಾದರೂ ಅಲಕ್ಷ್ಯವೂ ಸಲ್ಲದು. ಗರಗಸದ ಹಿಂದೆ ಮೂರು ಬದಿ ಮುಚ್ಚಿದ ಪ್ಲೈವುಡ್ ಗೂಡೊಂದನ್ನು ಕಟ್ಟಿ, ಅದರ ತಳಕ್ಕೆ ಧೂಳು ಹೀರುವ ಯಂತ್ರದ ಕೊಳವೆಯನ್ನು ಸೇರಿಸಿ. ಮೂಗಿಗೆ ಎನ್-95 ಮುಸುಕು, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇರಲೇಬೇಕು. ವಿದ್ಯುತ್ತಿಗೆ 16 ಆಂಪಿಯರಿನ ದೊಡ್ಡ ಪ್ಲಗ್ಗೇ ಆಗಬೇಕು; 1800 ವ್ಯಾಟಿನ ಯಂತ್ರ ಎಂಟು ಆಂಪಿಯರಿನ ಹತ್ತಿರ ಎಳೆಯುತ್ತದೆ, ದೀಪದ ಪಕ್ಕದ ಸಣ್ಣ ಪ್ಲಗ್ಗು ಅದನ್ನು ತಾಳದು. ಕೆಲಸ ಮುಗಿದೊಡನೆ ಪ್ಲಗ್ಗನ್ನು ಕಿತ್ತು, ತೋಳನ್ನು ಕೆಳಗಿಳಿಸಿ ಕೀಲು ಹಾಕಿಡಿ, ಮನೆಯಲ್ಲಿ ಮಕ್ಕಳಿದ್ದಾರೆ.

ಒಂದು ಗೋಡೆಯೂ ಇಲ್ಲದ ಮನೆಯವರು ನಿರಾಶರಾಗಬೇಕಿಲ್ಲ. ನಡುವಿನ ಪೆಟ್ಟಿಗೆಯನ್ನು ಮಾತ್ರ ಗಾಲಿಗಳ ಮೇಲೆ ನಿಲ್ಲಿಸಿ, ಎಡಬಲದ ಹಾಸುಗಳನ್ನು ಕೀಲುಗಳಿಂದ ಮಡಿಸುವಂತೆ ಮಾಡಿದರೆ, ಮಡಿಸಿದಾಗ ಎರಡೂವರೆ ಅಡಿಯ ಜಾಗ ಸಾಕು. ಬಿಚ್ಚಿದಾಗಲೆಲ್ಲ ದಾರ ಎಳೆದು ಮಟ್ಟ ನೋಡುವ ಶ್ರಮವೊಂದು ಹೆಚ್ಚು. ಎಲ್ಲಿಯೇ ನಿಲ್ಲಿಸಿ, ಮಹಡಿ ಮನೆಗಳಲ್ಲಿರುವವರು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗುಂಡಿಯನ್ನು ಒತ್ತದಿರುವುದು ಲೇಸು. ಈ ಯಂತ್ರದ ಕೂಗಿಗೆ ಗೋಡೆಗಳು ಅಡ್ಡಿಯಲ್ಲ, ಮೇಲ್ಮನೆಯವರ ನಿದ್ರೆಯೂ ಅಷ್ಟು ಗಟ್ಟಿಯಲ್ಲ.