ಶರೀಫಜ್ಜನ ಪದಕ್ಕೆ ಗಿಟಾರ್ ತಾಗಿದರೆ ಮೈಲಿಗೆಯೇ?

ರಾಕ್ ಬ್ಯಾಂಡಿನವರು ಶಿಶುನಾಳ ಶರೀಫರ ತತ್ವಪದ ಹಾಡಿದಾಗಲೆಲ್ಲ ಧಾರವಾಡ ಸೀಮೆಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಶರೀಫಜ್ಜನ್ನ ಕೆಡಿಸಿಬಿಟ್ರು.’ 2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ತನ್ನ ಮೊದಲ ಆಲ್ಬಂ ‘ಅಂತರಾಗ್ನಿ’ ಹೊರತಂದಿತು. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಮಗ್ಗುಲಲ್ಲೇ ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗೆ’ ಇದ್ದವು. 2013ರಲ್ಲಿ ಬಂದ ‘ಜಗ್ ಚಂಗಾ’ದಲ್ಲೂ ಶರೀಫರಿದ್ದರು. ನಡುವೆ 2011ರಲ್ಲಿ ಆ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯನ್ನೂ ಹತ್ತಿತು. ಬೆಂಗಳೂರಿನ ಹುಡುಗರು ಕುಣಿದರು. ನಮ್ಮ ಕಡೆಯ ಹಿರಿಯರು ಮುಖ ಸಿಂಡರಿಸಿದರು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹೊಸದೊಂದು ತಂಡ ಹೊಸದೊಂದು ಆಲ್ಬಂನಲ್ಲಿ ತತ್ವಪದವನ್ನು ಮುಟ್ಟಿದರೆ ಸಾಕು, ಹಳೆಯ ತಕರಾರು ಮತ್ತೆ ಎದ್ದು ಕೂರುತ್ತದೆ.

ತಕರಾರು ತೆಗೆಯುವವರ ಮೇಲೆ ನನಗೆ ಗೌರವವಿದೆ. ಶರೀಫರನ್ನು ಕಾಪಾಡಿಕೊಂಡು ಬಂದವರು ಅವರೇ. ಆದರೂ ಅವರ ಮಾತನ್ನು ನಾನು ಒಪ್ಪಲಾರೆ. ಯಾಕೆ ಎಂಬುದನ್ನು ಬಿಡಿಸಿ ಹೇಳುವುದು ನನ್ನ ಕರ್ತವ್ಯ.

ಮೊದಲು ಅವರ ವಾದವನ್ನು ಅದರ ಪೂರ್ತಿ ಬಲದೊಂದಿಗೆ ಮುಂದಿಡಬೇಕು. ನವಲಗುಂದ ತಾಲೂಕಿನ ಹಳ್ಳಿಯೊಂದರಲ್ಲಿ ಜೀವಮಾನವಿಡೀ ಭಜನಿ ಮೇಳ ನಡೆಸಿದ ಹಿರಿಯರೊಬ್ಬರು ಹನಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಹೇಳಿದ್ದಿದು: ‘ಶರೀಫಜ್ಜನ ಪದಾ ಅಂದ್ರ ಏಕತಾರಿ, ತಾಳ, ಒಂದ ದಮ್ಮಡಿ ಸಾಕ್ರೀ. ಇವ್ರು ಹಿಂಗ ಬಡದ್ರ ಮಾತ ಕೇಳಂಗಿಲ್ಲ. ಮಾತ ಹ್ವಾದ ಮ್ಯಾಲ ಪದಾ ಎಲ್ಲೈತ್ರೀ?’ ಇದಕ್ಕಿಂತ ಗಟ್ಟಿಯಾದ ಆಕ್ಷೇಪವನ್ನು ನಾನು ಯಾವ ವಿಮರ್ಶಕರಿಂದಲೂ ಕೇಳಿಲ್ಲ. ಅದರಲ್ಲಿ ಎರಡು ಮಾತುಗಳು ಸೇರಿಕೊಂಡಿವೆ. ವಾದ್ಯ ಬದಲಾಗಬಾರದು ಎಂಬುದು ಒಂದು, ಮಾತು ಕೇಳಬೇಕು ಎಂಬುದು ಇನ್ನೊಂದು. ಎರಡನೆಯದನ್ನು ಪೂರ್ತಿ ಒಪ್ಪುತ್ತೇನೆ. ಮೊದಲನೆಯದು ನಿಲ್ಲುವುದಿಲ್ಲ.

ಯಾವ ಭಜನಿ ಮೇಳಕ್ಕಾದರೂ ಹೋಗಿ, ನಡುವೆ ಹಾರ್ಮೋನಿಯಂ ಇರುತ್ತದೆ. ನಮ್ಮ ಕಡೆ ಅದಕ್ಕೆ ಪೆಟ್ಟಿಗಿ ಎನ್ನುತ್ತಾರೆ. ಅದಿಲ್ಲದೆ ಮೇಳ ಕೂರುವುದೇ ಇಲ್ಲ. ಆ ಪೆಟ್ಟಿಗಿ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1840ರ ದಶಕದ ಆರಂಭದಲ್ಲಿ. ಶರೀಫರು ಹುಟ್ಟಿದ್ದು 1819ರಲ್ಲಿ. ಅಂದರೆ ಅವರು ಹರೆಯದ ಆಳಾಗಿದ್ದಾಗ ಹಾರ್ಮೋನಿಯಂ ಎಂಬ ವಾದ್ಯ ಜಗತ್ತಿನಲ್ಲೇ ಹೊಸತು. ಅದು ಇಲ್ಲಿಗೆ ಬಂದ ಮೇಲೂ ಎಲ್ಲರೂ ಬಾಗಿಲು ತೆರೆದು ಸ್ವಾಗತಿಸಲಿಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿತ್ತು. ನಮ್ಮ ಸಂಗೀತಕ್ಕೆ ಹೊಂದದ ಪರದೇಶಿ ವಾದ್ಯ, ಗಮಕ ನುಡಿಸಲು ಬಾರದ್ದು ಎಂಬುದು ಆಗಿನ ಪಂಡಿತರ ತಕರಾರು. ಧಾರವಾಡದ ಬಾನುಲಿ ಕೇಂದ್ರ 1950ರಲ್ಲಿ ಶುರುವಾದಾಗಲೂ ಆ ನಿಷೇಧ ಜಾರಿಯಲ್ಲಿತ್ತು. ಊರಿನ ಗುಡಿಯಲ್ಲಿ ಮಾತ್ರ ಪೆಟ್ಟಿಗಿ ಶರೀಫರ ಪದಗಳೊಂದಿಗೆ ಯಾರ ಅಪ್ಪಣೆಯನ್ನೂ ಕೇಳದೆ ಒಂದಾಗಿತ್ತು. ಇವತ್ತು ಅದನ್ನು ಪರದೇಶಿ ಎಂದು ಯಾರೂ ಅನ್ನುವುದಿಲ್ಲ. ಅಜ್ಜನ ಕಾಲದಲ್ಲಿ ಕಿವಿಗೆ ಒಗ್ಗಿದ್ದು ನಮ್ಮದಾಗಿದೆ, ಮೊಮ್ಮಗನ ಕಾಲದಲ್ಲಿ ಬಂದದ್ದು ಮಾತ್ರ ಮೈಲಿಗೆಯಾಗಿದೆ.

ಕುಂದಗೋಳದವರಿಗಂತೂ ಈ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಸವಾಯಿ ಗಂಧರ್ವರು ಅದೇ ಊರಿನವರು. ಅವರಿಗೆ ಕಿರಾಣಾ ಘರಾಣೆಯ ಗಾಯಕಿಯನ್ನು ಕಲಿಸಿದ ಅಬ್ದುಲ್ ಕರೀಂ ಖಾನ್ ಸಾಹೇಬರು ಉತ್ತರದಿಂದ ಬಂದವರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತವರು ಗಂಗೂಬಾಯಿ ಹಾನಗಲ್. ಭೀಮಸೇನ ಜೋಶಿಯವರು ಶಿಷ್ಯರಾದದ್ದೂ ಅವರಿಗೇ. ಕುಂದಗೋಳ ತಾಲೂಕಿನ ಯಲಿವಾಳದಲ್ಲಿ 1917ರಲ್ಲಿ ಹುಟ್ಟಿದ ಬಸವರಾಜ ರಾಜಗುರುಗಳು ಖ್ಯಾಲಿನಷ್ಟೇ ಪ್ರೀತಿಯಿಂದ ವಚನಗಳನ್ನು ಹಾಡಿದರು. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಕೇಳಿ ಕಣ್ಣು ತುಂಬಿಕೊಳ್ಳದ ಧಾರವಾಡದವರು ಯಾರಿದ್ದಾರೆ? ಆದರೆ ಹನ್ನೆರಡನೆಯ ಶತಮಾನದ ಶರಣರು ಇವತ್ತಿನ ಖ್ಯಾಲಿನ ಧಾಟಿಯನ್ನು ಕೇಳಿದವರಲ್ಲ. ಅದು ಮುಂದೆ ನೂರಾರು ವರ್ಷಗಳ ನಂತರ, ಬೇರೆ ನಾಡಿನ ದರ್ಬಾರುಗಳಲ್ಲಿ ರೂಪ ಪಡೆದದ್ದು. ಮನ್ಸೂರರು ಬಸವಣ್ಣನನ್ನು ಕೆಡಿಸಿದರು ಎಂದು ನಾವು ಅನ್ನುವುದಿಲ್ಲ. ಅನ್ನಬಾರದು ಕೂಡ. ಅವರ ದನಿಯಲ್ಲಿ ವಚನದ ಮಾತು ಇನ್ನಷ್ಟು ಆಳಕ್ಕಿಳಿದಿದೆ. ಹಾಗಾದರೆ ನಾವು ನೋಡಬೇಕಾದದ್ದು ವಾದ್ಯದ ಊರನ್ನಲ್ಲ, ಹಾಡಿನಲ್ಲಿ ಮಾತು ಎಷ್ಟು ಆಳಕ್ಕಿಳಿಯಿತು ಎಂಬುದನ್ನು.

‘ಮೂಲ ಧಾಟಿ’ ಎಂಬ ಇನ್ನೊಂದು ಮಾತಿದೆ. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ದನಿಯನ್ನು ಯಾವ ಯಂತ್ರವೂ ಹಿಡಿದಿಟ್ಟಿಲ್ಲ. ಪದಗಳು ಉಳಿದದ್ದು ಬಾಯಿಂದ ಬಾಯಿಗೆ. ಒಂದೇ ಪದವನ್ನು ಕಲಘಟಗಿಯ ಕಡೆ ಒಂದು ಧಾಟಿಯಲ್ಲಿ, ಅಣ್ಣಿಗೇರಿಯ ಕಡೆ ಇನ್ನೊಂದು ಧಾಟಿಯಲ್ಲಿ ಹಾಡಿದರೆ ಅಚ್ಚರಿಪಡಬೇಕಾಗಿಲ್ಲ. ನಾಡಿನ ಬಹುಪಾಲು ಜನರ ಕಿವಿಯಲ್ಲಿ ‘ಮೂಲ’ ಎಂದು ಕೂತಿರುವುದು ಸಿ. ಅಶ್ವಥ್ ಅವರ ಧಾಟಿ. ಅವರ ಕ್ಯಾಸೆಟ್ಟುಗಳು ಮನೆಮನೆಗೆ ಬಂದವು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿ ಕಾಣಿಸಿಕೊಂಡ ಆ ಚಿತ್ರಕ್ಕೆ ಸಂಗೀತ ಅಶ್ವಥ್ ಅವರದೇ. ಅದೂ ವಾದ್ಯವೃಂದ ಕೂಡಿಸಿ ಸ್ಟುಡಿಯೋದಲ್ಲಿ ಕಟ್ಟಿದ ಸಂಗೀತವೇ. ಅದ್ಭುತವಾದದ್ದು, ಆ ಬಗ್ಗೆ ನನ್ನದು ಎರಡು ಮಾತಿಲ್ಲ. ಆದರೆ ರಾಕ್‌ನವರನ್ನು ಬೈಯುವಾಗ ನಾವು ಎಷ್ಟೋ ಸಲ ಶರೀಫರನ್ನು ಒಂದು ಆಲ್ಬಂನಿಂದ ಕಾಪಾಡುತ್ತಿಲ್ಲ, ಒಂದು ಆಲ್ಬಂ ಕೇಳಿ ಬೆಳೆದ ನಮ್ಮ ಕಿವಿಯನ್ನು ಇನ್ನೊಂದು ಆಲ್ಬಂನಿಂದ ಕಾಪಾಡುತ್ತಿದ್ದೇವೆ.

ಇನ್ನು ಗದ್ದಲದ ಮಾತು. ಡ್ರಮ್ಸ್, ಬೇಸ್ ಗಿಟಾರ್ ಎಂದರೆ ಗದ್ದಲ, ತತ್ವಪದ ಎಂದರೆ ಶಾಂತಿ ಎಂಬ ಗೆರೆಯನ್ನು ಎಳೆದವರು ಯಾರು? ಹೋಳಿಹುಣ್ಣಿಮೆಗೆ ನವಲಗುಂದಕ್ಕೆ ಬನ್ನಿ. ರಾಮಲಿಂಗ ಕಾಮಣ್ಣನ ಮುಂದೆ ಹರಕೆ ಹೊತ್ತವರ ಸಾಲು ನಿಂತಿರುತ್ತದೆ. ಪಕ್ಕದ ಹುಬ್ಬಳ್ಳಿ ತಾಲೂಕಿನ ಬ್ಯಾಹಟ್ಟಿಯ ಜಗ್ಗಲಗಿ ಮೇಳ ಕೇಳಿ. ಚಕ್ಕಡಿಯ ಗಾಲಿಯಷ್ಟು ದೊಡ್ಡ ಬಳೆಗೆ ಚರ್ಮ ಬಿಗಿದು, ನೆಲದ ಮೇಲೆ ಉರುಳಿಸಿಕೊಂಡು ಹೋಗುತ್ತ ಕೋಲಿನಿಂದ ಬಾರಿಸುತ್ತಾರೆ. ಹತ್ತಾರು ಜಗ್ಗಲಗಿ ಒಟ್ಟಿಗೆ ಎದ್ದರೆ ಸದ್ದು ಕಿವಿಗೆ ಬರುವ ಮೊದಲೇ ಎದೆಗೂಡಿಗೆ ತಾಗುತ್ತದೆ, ನಿಂತ ನೆಲ ಅದುರುತ್ತದೆ. ಯಾವ ಹಾರ್ಡ್ ರಾಕ್ ವೇದಿಕೆಯೂ ಅದರ ಮುಂದೆ ಹೆಚ್ಚಿನದಲ್ಲ. ಶರೀಫರು ಈ ಸದ್ದಿನ ನಡುವೆಯೇ ಬದುಕಿದವರು. ಮೊಹರಮ್ಮಿಗೆ ಹೆಜ್ಜೆ ಹಾಕಿ ಕುಣಿಯುವ ಮೇಳಗಳಿಗೆ ಅವರು ರಿವಾಯತ್ ಪದ ಕಟ್ಟಿಕೊಟ್ಟರು. ಅವು ಕಣ್ಣು ಮುಚ್ಚಿ ಕೂತು ಕೇಳುವ ಪದಗಳಲ್ಲ, ಹಲಗಿಯ ಪೆಟ್ಟಿಗೆ ಕಾಲು ಎತ್ತಿ ಹಾಕುವ ಪದಗಳು. ತಮ್ಮ ಕಾಲದಲ್ಲಿ ಹೊಸದಾಗಿ ಬಂದ ಗಿರಣಿಯನ್ನು ಕಂಡು ಅವರು ಅದರ ಮೇಲೂ ಪದ ಹಾಡಿದ್ದಾರೆ. ಹೊಸ ಯಂತ್ರಕ್ಕೆ ಬೆನ್ನು ತಿರುಗಿಸದೆ ಅದರೊಳಗೆ ತತ್ವ ಹುಡುಕಿದ ಕವಿ ಅವರು. ಅವರ ಹೆಸರಿನಲ್ಲಿ ಹೊಸ ಯಂತ್ರವನ್ನು ಬೇಡವೆನ್ನುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಪದ ನಮ್ಮಿಂದ ದೂರವಾಗುತ್ತಿರುವುದು ಸುಳ್ಳೇ? ಸುಳ್ಳಲ್ಲ, ಖರೆ. ಆದರೆ ಅದರ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ನವಲಗುಂದ, ಅಣ್ಣಿಗೇರಿಯ ಎರಿ ನೆಲದ ಊರುಗಳಲ್ಲಿ ಮೊದಲು ಮಣ್ಣಿನ ಮಾಳಿಗೆಯ ಮನೆಗಳೇ ಹೆಚ್ಚು. ಮಳೆಗಾಲ ಬರುವ ಮುಂಚೆ ಮೇಲೆ ಹತ್ತಿ, ಬೆಳೆದ ಹುಲ್ಲು ಕಿತ್ತು, ಹೊಸ ಮಣ್ಣು ಹರವಿ ತುಳಿದು ಗಟ್ಟಿ ಮಾಡಬೇಕು. ಒಂದು ವರ್ಷ ಉದಾಸೀನ ಮಾಡಿದರೆ ಜಡಿಮಳೆ ಹಿಡಿದ ಮೂರನೇ ದಿನಕ್ಕೆ ತೊಲೆಯ ಸಂದಿಯಿಂದ ಕೆಂಪು ನೀರು ತೊಟ್ಟಿಕ್ಕುತ್ತದೆ. ಬೋಗುಣಿ ಇಟ್ಟರೆ ಇನ್ನೊಂದು ಕಡೆ ಸೋರುತ್ತದೆ. ಜೋಳದ ಚೀಲ ಸರಿಸಬೇಕು, ಕೂಸಿನ ತೊಟ್ಟಿಲು ಸರಿಸಬೇಕು, ರಾತ್ರಿಯಿಡೀ ಒಬ್ಬರು ಎದ್ದಿರಬೇಕು. ಯಾರೋ ಬಂದು ಸರಿಮಾಡಲಿ ಎಂದು ಕಾಯುವಂತಿಲ್ಲ, ನಾವೇ ಹತ್ತಬೇಕು. ಇದನ್ನು ಉಂಡವರಿಗೆ ಮಾಳಿಗೆ ಸೋರುವ ಪದದ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದೇಹವೆಂಬ ಮನೆ, ಅಜ್ಞಾನದ ಕತ್ತಲು ಎಲ್ಲ ಆಮೇಲೆ ಬರುತ್ತಿತ್ತು, ಮೊದಲು ಆ ರಾತ್ರಿಯ ನೆನಪು ಬರುತ್ತಿತ್ತು. ಈಗ ತಗಡು ಬಂದಿದೆ, ಸ್ಲ್ಯಾಬ್ ಬಂದಿದೆ. ಬರಲೇಬೇಕು. ಮಣ್ಣಿನ ಗೋಡೆ, ಮಾಳಿಗೆ ಕುಸಿದು ಜನ ಸತ್ತ ಸುದ್ದಿಯನ್ನು ಮಳೆಗಾಲದಲ್ಲಿ ಇನ್ನೂ ಓದುತ್ತಲೇ ಇದ್ದೇವೆ. ಆದರೆ ಸ್ಲ್ಯಾಬಿನ ಕೆಳಗೆ ಹುಟ್ಟಿದ ಹುಡುಗನಿಗೆ ಏಕತಾರಿಯಲ್ಲಿ ಹಾಡಿದರೂ ಆ ಪದ ದೂರದ್ದೇ. ಗುಡುಗುಡಿಯನ್ನು ಅವನು ಕಣ್ಣಿನಿಂದ ನೋಡಿಯೂ ಇರಲಿಕ್ಕಿಲ್ಲ. ಈ ದೂರವನ್ನು ಹುಟ್ಟಿಸಿದ್ದು ಗಿಟಾರ್ ಅಲ್ಲ. ಗಿಟಾರಿನ ದೆಸೆಯಿಂದ ಆ ಹುಡುಗ ಟ್ರ್ಯಾಕ್ಟರಿನ ಮೇಲೆ ಕೂತು ಪದವನ್ನು ಗುನುಗುತ್ತಿದ್ದರೆ, ಅದರ ಅರ್ಥ ಕೇಳುವ ಬಾಯಿಯಾದರೂ ಅಲ್ಲಿ ತೆರೆದಿದೆ.

ಅರ್ಥ ಹೇಳುವವರು ಯಾರು ಎಂಬುದು ದೊಡ್ಡ ಪ್ರಶ್ನೆ. ಭಜನಿಯಲ್ಲಿ ಹಾಡುವವರು ಒಂದು ನುಡಿ ಮುಗಿದ ಮೇಲೆ ತಾಳ ನಿಲ್ಲಿಸಿ ನಾಲ್ಕು ಮಾತು ಆಡುತ್ತಾರೆ. ಕೂತವರು ಪ್ರಶ್ನೆ ಹಾಕುತ್ತಾರೆ. ಇನ್ನೊಬ್ಬರು ಬೇರೆ ಅರ್ಥ ಹೇಳುತ್ತಾರೆ. ಕೆಲವೊಮ್ಮೆ ಒಂದು ಪದಕ್ಕೆ ಒಂದು ತಾಸು ಹಿಡಿಯುತ್ತದೆ. ಆಲ್ಬಂನ ನಾಲ್ಕೈದು ನಿಮಿಷದಲ್ಲಿ ಈ ಬಿಡುವು ಇಲ್ಲ. ಅಶ್ವಥ್ ಅವರ ಕ್ಯಾಸೆಟ್ಟಿನಲ್ಲೂ ಇರಲಿಲ್ಲ, ರಾಕ್‌ನವರಲ್ಲೂ ಇಲ್ಲ. ರಾಕ್ ಆಲ್ಬಂ ಬಗ್ಗೆ ನನಗಿರುವ ನಿಜವಾದ ಕೊರಗು ಇದು. ಆ ಬಿಡುವನ್ನು ತುಂಬಬೇಕಾದವರು ಕೇಳುವ ನಾವು. ‘ಕೆಡಿಸಿಬಿಟ್ರು’ ಎಂದು ಎದ್ದುಹೋಗುವ ಹಿರಿಯರು ಆ ಹುಡುಗನ ಪಕ್ಕ ಕೂತು ‘ಇದರ ಅರ್ಥ ಗೊತ್ತೈತೇನ ತಮ್ಮಾ?’ ಎಂದು ಕೇಳಿದ್ದರೆ ಅಂದಿನ ಭಜನಿ ಅಲ್ಲೇ ಶುರುವಾಗುತ್ತಿತ್ತು.

ಇನ್ನೊಂದು ಕಡೆಯವರಿಗೂ ಒಂದು ಮಾತು ಹೇಳಬೇಕು. ‘ರಾಕ್ ಬ್ಯಾಂಡ್ ಇಲ್ಲದಿದ್ದರೆ ಶರೀಫರನ್ನು ಯಾರು ಕೇಳುತ್ತಿದ್ದರು?’ ಎನ್ನುವ ಅಭಿಮಾನಿಗಳಿದ್ದಾರೆ. ಇದು ಸರಿಯಲ್ಲ. ಶಿಶುವಿನಹಾಳದಲ್ಲಿರುವ ಶರೀಫರ ಗದ್ದುಗೆಗೆ ಹಿಂದೂ, ಮುಸಲ್ಮಾನ ಎನ್ನದೆ ಜನ ನಡೆದುಕೊಳ್ಳುತ್ತ ಬಂದದ್ದು ಯಾವ ಆಲ್ಬಂ ಕೇಳಿಯೂ ಅಲ್ಲ. ಆ ಊರು ಈಗ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನಲ್ಲಿದೆ. 1997ರವರೆಗೆ ಅದು ಧಾರವಾಡ ಜಿಲ್ಲೆಯದೇ ಆಗಿತ್ತು. ಶರೀಫರ ಗುರು ಗೋವಿಂದ ಭಟ್ಟರ ಕಳಸ ಇವತ್ತಿಗೂ ನಮ್ಮ ಕುಂದಗೋಳ ತಾಲೂಕಿನಲ್ಲಿದೆ. ಈ ಊರುಗಳ ಹೆಸರಿಲ್ಲದ ಮೇಳಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಪದಗಳನ್ನು ಬಾಯಲ್ಲಿ ಉಳಿಸಿಕೊಟ್ಟಿದ್ದರಿಂದಲೇ ಮೈಸೂರಿನಲ್ಲಿ ಬೆಳೆದ ಹುಡುಗನೊಬ್ಬನಿಗೆ ಹಾಡಲು ಅವು ಸಿಕ್ಕವು. ರಘು ದೀಕ್ಷಿತ್ ಅವರ ಆ ತುಂಬುಗಂಟಲಿನ ಹಾಡುಗಾರಿಕೆ ನನಗೆ ಇಷ್ಟ. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಪರದೇಶದ ವೇದಿಕೆಯಲ್ಲಿ ಕನ್ನಡದ ತತ್ವಪದ ಹಾಡಿದ್ದಕ್ಕೆ ಹೆಮ್ಮೆಯೂ ಇದೆ. ಆದರೆ ಉಳಿಸಿದವರು ಬೇರೆ, ಹಂಚಿದವರು ಬೇರೆ. ಇಬ್ಬರಿಗೂ ಅವರವರ ಪಾಲು ಸಲ್ಲಬೇಕು.

ಇನ್ನು ಮುಂದೆ ಶರೀಫರನ್ನು ಹಾಡಲಿರುವ ತಂಡಗಳಲ್ಲಿ ನನ್ನದೊಂದು ವಿನಂತಿ. ಗಿಟಾರ್ ಎಷ್ಟು ಬೇಕಾದರೂ ನುಡಿಸಿ, ಡ್ರಮ್ಸ್ ಎಷ್ಟು ಬೇಕಾದರೂ ಬಾರಿಸಿ. ಆದರೆ ಪಲ್ಲವಿಯೊಂದನ್ನೇ ಹಿಡಿದು ತಿರುಗಿಸದೆ, ಶಿಶುನಾಳಧೀಶನ ಅಂಕಿತ ಬರುವ ಕೊನೆಯ ನುಡಿಯವರೆಗೂ ಹಾಡಿ. ಹಾಡುವವರ ದನಿ ವಾದ್ಯಗಳಿಗಿಂತ ಒಂದು ಹೆಜ್ಜೆ ಮುಂದಿರಲಿ. ನವಲಗುಂದದ ಆ ಹಿರಿಯರು ಕೇಳಿದ್ದು ಅಷ್ಟನ್ನೇ, ಮತ್ತು ಅದು ನ್ಯಾಯವಾದ ಬೇಡಿಕೆ. ಧಾಟಿಯನ್ನು ಯಾವ ಊರಿನ, ಯಾವ ಮೇಳದಿಂದ ಕಲಿತಿರೋ ಅದರ ಹೆಸರನ್ನು ಆಲ್ಬಂನ ಮೇಲೆ ಹಾಕಿ. ‘ಜಾನಪದ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಆಲ್ಬಂನಿಂದ ನಾಲ್ಕು ಕಾಸು ಬಂದರೆ ಅದರಲ್ಲಿ ಆ ಮೇಳಕ್ಕೂ ಪಾಲಿರಲಿ. ಬಿಡುಗಡೆಯ ಕಾರ್ಯಕ್ರಮ ಬೆಂಗಳೂರಿನಲ್ಲಿ ಆಗಲಿ, ಆದರೆ ಅದಕ್ಕೂ ಮೊದಲು ಕಳಸಕ್ಕೋ ಶಿಶುವಿನಹಾಳಕ್ಕೋ ಬಂದು, ಗುಡಿಯ ಮುಂದೆ, ಭಜನಿ ಮೇಳದವರ ಎದುರಿಗೆ ಒಮ್ಮೆ ಹಾಡಿ. ನಮ್ಮವರೂ ಆ ದಿನ ಎದ್ದುಹೋಗದೆ ಕೊನೆಯ ಪದದವರೆಗೆ ಕೂತು ಕೇಳಲಿ, ಆಮೇಲೆ ತಮ್ಮ ತಾಳ ತೆಗೆದುಕೊಂಡು ಅದೇ ಪದವನ್ನು ತಮ್ಮ ಧಾಟಿಯಲ್ಲಿ ಹಾಡಿ ತೋರಿಸಲಿ.